ಬಾವು ಬಂದವರ ಮೂತ್ರವನ್ನು ನಾನೇ ಏಕೆ ನೋಡುತ್ತೇನೆ

ಮುಖ, ಕಾಲು ಊದಿಕೊಂಡು ಬಂದವರ ಮೂತ್ರದ ವರದಿ ಕೈಯಲ್ಲಿದ್ದರೂ ಹೊಸದಾಗಿ ಮೂತ್ರ ತರಿಸಿ ನಾನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಮೂತ್ರದಲ್ಲಿ ಪ್ರೋಟೀನ್ ಇದೆ ಎನ್ನುವ ‘ಅಲ್ಬುಮಿನ್ ++’ ಎಂಬ ಚೀಟಿಯಿಂದ ಗ್ಲೊಮೆರುಲಸ್ (ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗೊಂಚಲು) ಸೋರುತ್ತಿದೆಯೋ ಉರಿಯೂತದಿಂದ ಕೆಟ್ಟಿದೆಯೋ ತಿಳಿಯದು. ಚಿಕಿತ್ಸೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಮೂತ್ರ ತಾಜಾ ಇರಬೇಕು. ಗಂಟೆಗಟ್ಟಲೆ ಇಟ್ಟರೆ ಕಾಸ್ಟ್‌ಗಳು, ಅಂದರೆ ಮೂತ್ರಪಿಂಡದ ಸಣ್ಣ ನಳಿಕೆಗಳಲ್ಲಿ ಅಚ್ಚು ಹೊಯ್ದಂತೆ ರೂಪುಗೊಂಡ ಕೊಳವೆಯಾಕಾರದ ತುಣುಕುಗಳು, ಒಡೆದುಹೋಗುತ್ತವೆ. ಸುಮಾರು 10 ಮಿ.ಲೀ. ಮೂತ್ರವನ್ನು 5 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನದನ್ನು ಚೆಲ್ಲಿ, ತಳದ ಗಸಿಯ ಹನಿಯನ್ನು ಸ್ಲೈಡಿಗೆ ಹಾಕುತ್ತೇನೆ. ಕಂಡೆನ್ಸರ್ ಇಳಿಸಿ ಬೆಳಕು ಮಂದ ಮಾಡದಿದ್ದರೆ ಕಾಸ್ಟ್ ಕಣ್ಣಿಗೆ ಬೀಳುವುದೇ ಇಲ್ಲ. ಅವು ಕವರ್ ಸ್ಲಿಪ್ಪಿನ ಅಂಚಿಗೆ ಸರಿದಿರುತ್ತವೆ. ಅವಸರದವರು ನಡುಭಾಗವನ್ನಷ್ಟೇ ನೋಡಿ ‘ಏನೂ ಇಲ್ಲ’ ಎಂದು ಬರೆಯುತ್ತಾರೆ.

ಕೆಂಪು ರಕ್ತಕಣಗಳು ಒತ್ತಾಗಿ ಸೇರಿದ ಕಂದುಗೆಂಪು ಕಾಸ್ಟ್ ಒಂದು ಕಂಡರೂ ಸಾಕು, ನೆಫ್ರೈಟಿಸ್ (ಗ್ಲೊಮೆರುಲಸ್‌ನ ಉರಿಯೂತ) ಎಂದು ನನ್ನ ಮನಸ್ಸು ಗಟ್ಟಿಯಾಗುತ್ತದೆ. ಬಿಡಿ ಕಣಗಳೂ ಸುಳಿವು ಕೊಡುತ್ತವೆ: ಕಲ್ಲಿನಿಂದ ಬಂದ ರಕ್ತದಲ್ಲಿ ಅವು ಸಾಮಾನ್ಯವಾಗಿ ದುಂಡಗಿರುತ್ತವೆ, ಗ್ಲೊಮೆರುಲಸ್‌ನಿಂದ ನುಸುಳಿದವು ಸೊಟ್ಟಗೆ, ಅಂಚಿನಲ್ಲಿ ಗುಳ್ಳೆ ಎದ್ದಂತೆ ಇರುತ್ತವೆ. ಇಂಥವರ ಮೂತ್ರ ಹಾಲು ಹಾಕದ ಟೀಯಂತಿರುತ್ತದೆ, ಪ್ರಮಾಣ ತಗ್ಗಿರುತ್ತದೆ, ಬಿ.ಪಿ. ಏರಿರುತ್ತದೆ.

ಆಮೇಲೆ ನಾನು ಕೇಳುವುದು ದಿನಗಳ ಲೆಕ್ಕ. ಮಗುವಿಗೆ ಗಂಟಲು ನೋವಾಗಿ ಒಂದರಿಂದ ಮೂರು ವಾರ, ಅಥವಾ ಕೀವುಗಜ್ಜಿಯಾಗಿ ಮೂರರಿಂದ ಆರು ವಾರ ಕಳೆದಿದ್ದು, ರಕ್ತದಲ್ಲಿ ಸಿ3 ಎಂಬ ರೋಗನಿರೋಧಕ ಪ್ರೋಟೀನ್ ತಗ್ಗಿದ್ದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ನಂತರದ ನೆಫ್ರೈಟಿಸ್ ಎಂದುಕೊಳ್ಳುತ್ತೇನೆ. ಎಂಟು ವಾರಗಳೊಳಗೆ ಸಿ3 ಮೇಲೇರದಿದ್ದರೆ ಆ ತೀರ್ಮಾನವನ್ನು ಮತ್ತೆ ಪ್ರಶ್ನಿಸಬೇಕು. ಗಂಟಲು ನೋವು ಶುರುವಾದ ಒಂದೆರಡು ದಿನಗಳಲ್ಲೇ ಮೂತ್ರ ಕೆಂಪಾಗಿ, ಸಿ3 ಸರಿಯಿದ್ದರೆ ಐಜಿಎ ಎಂಬ ಪ್ರತಿಕಾಯ ಗ್ಲೊಮೆರುಲಸ್‌ನಲ್ಲಿ ಸೇರಿಕೊಳ್ಳುವ ಐಜಿಎ ನೆಫ್ರಾಪತಿಯ ಅನುಮಾನ, ಖಚಿತವಾಗುವುದು ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ.

ಇನ್ನೊಂದು ಗುಂಪಿನವರು ಹೇಳುವುದು ನೊರೆಯ ಬಗ್ಗೆ. ಮೂತ್ರದಲ್ಲಿ ದಿನಕ್ಕೆ 3.5 ಗ್ರಾಂ ಮೀರಿ ಪ್ರೋಟೀನ್, ರಕ್ತದಲ್ಲಿ ಇಳಿದ ಅಲ್ಬುಮಿನ್, ಏರಿದ ಕೊಲೆಸ್ಟ್ರಾಲ್; ಗಸಿಯಲ್ಲಿ ಕಣಗಳಿಗಿಂತ ಹೊಳೆಯುವ ಕೊಬ್ಬಿನ ಹನಿಗಳೇ ಹೆಚ್ಚು. ಇದು ನೆಫ್ರೋಟಿಕ್, ಅಂದರೆ ಗ್ಲೊಮೆರುಲಸ್‌ನಿಂದ ಪ್ರೋಟೀನ್ ಸೋರುವ ಸ್ಥಿತಿ. ಚಿಕ್ಕ ಮಕ್ಕಳಲ್ಲಿ ಬಹುಪಾಲು ಸ್ಟಿರಾಯ್ಡ್‌ಗೆ ಬಗ್ಗುವ ಮಿನಿಮಲ್ ಚೇಂಜ್ ಕಾಯಿಲೆಯಾದ್ದರಿಂದ ಸಾಮಾನ್ಯವಾಗಿ ಬಯಾಪ್ಸಿಗೆ ಮುನ್ನವೇ ಸ್ಟಿರಾಯ್ಡ್ ಆರಂಭಿಸುತ್ತೇವೆ. ದೊಡ್ಡವರಲ್ಲಿ ಆ ಧೈರ್ಯ ನನಗಿಲ್ಲ. ಮಧುಮೇಹವೋ, ಗ್ಲೊಮೆರುಲಸ್‌ನ ಸೋಸುಪೊರೆ ದಪ್ಪಗಾಗುವ ಮೆಂಬ್ರೇನಸ್ ಕಾಯಿಲೆಯೋ ನೋಡಬೇಕು. ಎರಡನೆಯದರಲ್ಲಿ ಪಿಎಲ್‌ಎ2ಆರ್ ಪ್ರತಿಕಾಯದ ರಕ್ತಪರೀಕ್ಷೆ ನೆರವಾಗುತ್ತದೆ.

ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಮಾತ್ರ ಯಾವ ಗುಂಪಿಗೂ ಬಗ್ಗುವುದಿಲ್ಲ. ಕಾಸ್ಟ್, ಕೊಬ್ಬು ಎರಡೂ ಒಂದೇ ಸ್ಲೈಡಿನಲ್ಲಿದ್ದರೆ, ಅದರಲ್ಲೂ ರೋಗಿ ಯುವತಿಯಾಗಿದ್ದರೆ, ಕೀಲುನೋವು, ಕೂದಲು ಉದುರುವಿಕೆ, ಬಿಸಿಲಿಗೆ ಏಳುವ ಕಲೆಗಳ ಬಗ್ಗೆ ವಿಚಾರಿಸಿ ಲೂಪಸ್‌ನ ಸುಳಿವಿಗಾಗಿ ಎಎನ್‌ಎ ರಕ್ತಪರೀಕ್ಷೆ ಬರೆಯುತ್ತೇನೆ.

ರಕ್ತಕಣದ ಕಾಸ್ಟ್ ಜೊತೆಗೆ ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ದಿನೇ ದಿನೇ ಏರುತ್ತಿದ್ದರೆ ಉಳಿದ ವರದಿಗಳಿಗೆ ಕಾಯುವುದಿಲ್ಲ. ನೆಫ್ರಾಲಜಿಸ್ಟ್ ಇರುವ ಆಸ್ಪತ್ರೆಗೆ ಫೋನ್ ಮಾಡಿ ಅದೇ ದಿನ ಕಳುಹಿಸುತ್ತೇನೆ.