ವಿಂಡೋಸ್ ಜೊತೆಗೆ ಲಿನಕ್ಸ್ ಇರುವವರು ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿಡಿ
ಶಾಲೆಯ ಪಾಠಕ್ಕೆಂದು ಕೈಟ್ ಗ್ನೂ/ಲಿನಕ್ಸನ್ನೂ (ಕೇರಳದ ಶಾಲೆಗಳಿಗೆಂದು ಕೈಟ್ ಸಂಸ್ಥೆ ಕೊಡುವ ಆಪರೇಟಿಂಗ್ ಸಿಸ್ಟಮ್) ಉಳಿದ ಕೆಲಸಗಳಿಗೆ ವಿಂಡೋಸನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರುವ ಕಾಸರಗೋಡಿನ ಅಧ್ಯಾಪಕರು ಮತ್ತು ಹೆತ್ತವರು ವಿಂಡೋಸಿನ ‘ಫಾಸ್ಟ್ ಸ್ಟಾರ್ಟ್‌ಅಪ್’ ಸೌಲಭ್ಯವನ್ನು ದಯವಿಟ್ಟು ಆಫ್ ಮಾಡಿಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಬಟನ್‌ಗೆ ಸಂಬಂಧಿಸಿದ ಪುಟವನ್ನು ತೆರೆದು, ಮಸುಕಾಗಿರುವ ಆಯ್ಕೆಗಳನ್ನು ಬದಲಿಸಲು ಬಿಡುವ ಮೇಲಿನ ಕೊಂಡಿಯನ್ನು ಒತ್ತಿದರೆ, ಕೆಳಗೆ ಅದರ ಟಿಕ್ ಗುರುತನ್ನು ತೆಗೆಯಬಹುದು. ವಿಂಡೋಸ್ 8ರಿಂದ ಬಂದಿರುವ ಈ ಸೌಲಭ್ಯ ಆನ್ ಇದ್ದಾಗ, ‘ಶಟ್ ಡೌನ್’ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ತನ್ನ ಕರ್ನೆಲ್‌ನ (ಒಳತಿರುಳಿನ) ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ; ಆ ಡ್ರೈವ್ ಇನ್ನೂ ಬಳಕೆಯಲ್ಲಿದೆಯೆಂದು ತಿಳಿಯುವ ಲಿನಕ್ಸ್, ಅದನ್ನು ತೆರೆಯಲು ಒಪ್ಪುವುದಿಲ್ಲ ಅಥವಾ ಓದಲು ಮಾತ್ರ ಬಿಡುತ್ತದೆ. ಡಿ ಡ್ರೈವಿನಲ್ಲಿರುವ ಪ್ರಶ್ನೆಪತ್ರಿಕೆ ತೆರೆದುಕೊಂಡರೂ ತಿದ್ದಿ ಸೇವ್ ಮಾಡಲು ಆಗದಿರುವುದಕ್ಕೆ ಬಹುಪಾಲು ಇದೇ ಕಾರಣ, ಹಾರ್ಡ್‌ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು. ತುರ್ತಿಗೆ ‘ಶಟ್ ಡೌನ್’ ಬದಲು ‘ರೀಸ್ಟಾರ್ಟ್’ ಕೊಟ್ಟು ಅಲ್ಲಿಂದಲೇ ಲಿನಕ್ಸಿಗೆ ಹೋದರೂ ಸಾಕು, ಏಕೆಂದರೆ ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆದರೆ ನೀವೇ ‘ಹೈಬರ್ನೇಟ್’ (ತೆರೆದಿರುವ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಮಲಗಿಸುವುದು) ಕೊಟ್ಟಿದ್ದರೆ, ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಇದ್ದರೂ ಲಿನಕ್ಸಿನಲ್ಲಿ ಇದೇ ತೊಂದರೆ ಬರುತ್ತದೆ; ಮೊದಲು ವಿಂಡೋಸಿಗೆ ಮರಳಿ ‘ರೀಸ್ಟಾರ್ಟ್’ ಕೊಡಬೇಕು. ಮಳೆಗಾಲದಲ್ಲಿ ಬ್ಯಾಟರಿ ಸತ್ತ ಲ್ಯಾಪ್‌ಟಾಪು ಕರೆಂಟು ಹೋಗಿ ನಡುವೆಯೇ ಆಫ್ ಆಗಿದ್ದರೂ ಡ್ರೈವ್ ಹೀಗೆಯೇ ತೊಂದರೆ ಕೊಡಬಹುದು: ಆಗ ಮತ್ತೆ ವಿಂಡೋಸಿಗೆ ಹೋಗಿ, ಆ ಡ್ರೈವಿನ ಪ್ರಾಪರ್ಟೀಸ್‌ನ ಟೂಲ್ಸ್ ವಿಭಾಗದಲ್ಲಿರುವ ‘ಚೆಕ್’ ಒತ್ತಿ ದೋಷ ಸರಿಪಡಿಸಿಕೊಳ್ಳಬೇಕು. ಲಿನಕ್ಸಿನಿಂದ ಬಲವಂತವಾಗಿ ಡ್ರೈವನ್ನು ತೆರೆಯುವ ಆದೇಶಗಳನ್ನು ಮಾತ್ರ ಬಳಸಬೇಡಿ. ವಿಂಡೋಸ್ ಉಳಿಸಿಟ್ಟ ಸ್ಥಿತಿ ಅಳಿಸಿಹೋಗಿ, ಸೇವ್ ಆಗದ ಕೆಲಸ ಕಳೆದುಹೋಗಬಹುದು.