ಗಿರಾಕಿಯ ಫೋನ್ ನಂಬರ್ ಕೇಳುವುದು ಬಿಟ್ಟೆ, ವ್ಯಾಪಾರ ನಿಂತಿಲ್ಲ

ಬೀಜ, ಗೊಬ್ಬರ, ಕುಂಡ ಮಾರುವ ಅಂಗಡಿಯಲ್ಲಿ ಗಿರಾಕಿಯ ನಂಬರ್ ಬರೆದುಕೊಳ್ಳದೆ ವ್ಯಾಪಾರ ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ಮಾಲು ಕೊಡುವವರಂತೂ "ಒಂದು ಸೀಸನ್ ನೋಡಿ, ನೀವೇ ವಾಪಸ್ ಪುಸ್ತಕ ತೆಗೀತೀರಿ" ಅಂದಿದ್ದರು. ಎರಡು ವರ್ಷ ಆಯಿತು. ತೆಗೆದಿಲ್ಲ.

ಮೊದಲ ತಪ್ಪು ವಾಟ್ಸಾಪ್ ಗ್ರೂಪ್. ಹೊಸ ಸಸಿ ಬಂದಾಗ ಫೋಟೋ ಹಾಕೋಣ ಅಂತ ಸುಮಾರು 180 ಜನರನ್ನು ಕೇಳದೆಯೇ ಸೇರಿಸಿದೆ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಒಬ್ಬ ಅಷ್ಟೂ ನಂಬರ್ ಎತ್ತಿಕೊಂಡು ಲಾನ್ ಕೆಲಸ ಕೊಡಿ ಅಂತ ಮನೆ ಮನೆಗೂ ಫೋನ್ ಮಾಡಿದ. ಅದಕ್ಕಿಂತ ಕೆಟ್ಟದ್ದು, ಒಬ್ಬ ಮಹಿಳೆಗೆ ರಾತ್ರಿ ಹೊತ್ತು ಮೆಸೇಜ್ ಬರತೊಡಗಿತು. ಅವರು ಬಂದು ಹೇಳಿದರು, ಜಗಳ ಆಡಲಿಲ್ಲ, ಮತ್ತೆ ಬರಲೂ ಇಲ್ಲ. ಜೊತೆಗೆ ಅವರ ಪರಿಚಯದ ಐದಾರು ಮನೆಯ ವ್ಯಾಪಾರವೂ ಹೋಯಿತು. ಆಮೇಲೆ ದುಡ್ಡು ಕೊಟ್ಟು ಎಸ್‌ಎಂಎಸ್ ಕಳಿಸಿದೆ. ಒಂದು ಸೀಸನ್ನಿನ ಕುಂಡದ ಲಾಭ ಹೆಚ್ಚುಕಮ್ಮಿ ಪೂರ್ತಿ ಅದಕ್ಕೇ ಹೋಯಿತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಡೆಲಿವರಿ ಪುಸ್ತಕ. ಗಿಡಕ್ಕೆ ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಡುವ ಡ್ರಿಪ್ ಟೈಮರ್ ಕೊಳ್ಳಲು ಬಂದವರು ಏನು ಹೇಳುತ್ತಾರೆ, ನಿಮಗೂ ಗೊತ್ತಲ್ವಾ? "12 ದಿನ ಮನೆಯಲ್ಲಿ ಇರಲ್ಲ, ಗಿಡ ಒಣಗಬಾರದು." ನಮ್ಮ ಹುಡುಗ ಅದನ್ನು ಹಾಗೇ ಬರೆದಿದ್ದ. ಹೆಸರು, ವಿಳಾಸ, ನಂಬರ್, ಪಕ್ಕದಲ್ಲೇ "20ರವರೆಗೆ ಯಾರೂ ಇಲ್ಲ, ಗೇಟಿನ ಒಳಗಿಡಿ". ಪುಸ್ತಕ ಕೌಂಟರ್ ಮೇಲೆ ತೆರೆದೇ ಇತ್ತು. ಬಿಲ್ಲಿಗೆ ಕಾಯುತ್ತಿದ್ದ ಒಬ್ಬರು ಸುಮ್ನೆ ಪುಟ ತಿರುಗಿಸುತ್ತಿದ್ದುದನ್ನು ನಾನೇ ಕಂಡೆ. ಕಳ್ಳತನ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಂಬರಿನ ಕೊನೆಯ 4 ಅಂಕೆ ಮಾತ್ರ ಬರೆದೆ. 4 ಅಂಕೆಯಲ್ಲಿ 10,000 ನಂಬರ್ ಆಗುತ್ತವೆ, ನನ್ನ ಗಿರಾಕಿಗಳು 1,100ರಷ್ಟು, ಧಾರಾಳವಾಯಿತು ಅಂದುಕೊಂಡೆ. ಆಗಲಿಲ್ಲ. ಲೆಕ್ಕ ಹಾಕಿದರೆ 120 ಜನ ಸೇರುವಷ್ಟರಲ್ಲೇ ಯಾರಾದರೂ ಇಬ್ಬರ ಅಂಕೆ ಒಂದೇ ಆಗುವ ಸಾಧ್ಯತೆ ಅರ್ಧಕ್ಕರ್ಧ ಇರುತ್ತದೆ. ಒಬ್ಬರ ಖರೀದಿಗೆ ಸೇರಬೇಕಾದ ಪಾಯಿಂಟ್ ಇನ್ನೊಬ್ಬರಿಗೆ ಹೋಯಿತು. ಇಬ್ಬರಿಗೂ ಗೊಬ್ಬರದ ಚೀಲ ಬಿಟ್ಟಿ ಕೊಟ್ಟು ಸಮಾಧಾನ ಮಾಡಿದೆ.

ಕೊನೆಗೆ ಕೈ ಹಿಡಿದದ್ದು ರಟ್ಟಿನ ಕಾರ್ಡು. ಹೆಸರಿಲ್ಲ, ಫೋನಿಲ್ಲ, ಒಂದು ನಂಬರ್ ಅಷ್ಟೇ. ನಮ್ಮ ಪುಸ್ತಕದಲ್ಲಿ ಆ ನಂಬರಿನ ಎದುರು ಯಾವ ಗಿಡ, ಯಾವ ಗೊಬ್ಬರ, ಮಣ್ಣು ಬದಲಿಸಿದ ತಿಂಗಳು ಇರುತ್ತವೆ. ಪುಸ್ತಕ ಯಾರ ಕೈಗೆ ಸಿಕ್ಕರೂ ಯಾರ ಮನೆಯ ಗಿಡ ಅಂತ ತಿಳಿಯುವುದಿಲ್ಲ. ಕಾರ್ಡ್ ಕಳೆದುಕೊಂಡವರನ್ನು ಹೇಗೆ ಗುರುತಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ನನಗೆ ಎಂಟು ತಿಂಗಳು ಹಿಡಿದಿದೆ. ಡೆಲಿವರಿಗೆ ಬಿಡಿ ಚೀಟಿ. ಸಾಮಾನು ಇಳಿದ ಮೇಲೆ ಚೀಟಿಯನ್ನು ಗಿರಾಕಿಗೇ ಕೊಟ್ಟು ಬರಬೇಕು. ಕೀಟನಾಶಕಕ್ಕೆ ಕಾನೂನು ರಿಜಿಸ್ಟರ್ ಕೇಳುವ ಕಡೆ ಅದನ್ನು ಇಡಲೇಬೇಕು, ಬೇರೆ ಪುಸ್ತಕದಲ್ಲಿ, ಬೀಗ ಹಾಕಿ.

ಮೆಸೇಜ್ ಬದಲು ಕುಂಡಕ್ಕೇ ಟ್ಯಾಗ್ ಸಿಕ್ಕಿಸುತ್ತೇನೆ, ಮುಂದಿನ ಗೊಬ್ಬರ ಯಾವಾಗ ಅಂತ. ಮೊದಲು ಬಿಲ್ ಮೆಷಿನ್ನಿನಲ್ಲೇ ಪ್ರಿಂಟ್ ಹಾಕಿದ್ದೆ. ಅದು ಥರ್ಮಲ್ ಪೇಪರ್, ಬಿಸಿಲಿಗೆ ಎರಡೇ ವಾರದಲ್ಲಿ ಅಕ್ಷರ ಹೋಯಿತು. ಮಾರ್ಕರ್ ಕೂಡ ಮಾಸಿತು. ಪ್ಲಾಸ್ಟಿಕ್ ಟ್ಯಾಗಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದದ್ದು ಮಾತ್ರ ಮಳೆ ಬಿಸಿಲು ಎರಡನ್ನೂ ತಡೆಯಿತು.

ರೋಗದ ಎಲೆಯ ಫೋಟೋ ತರುವವರಿಗೆ ಈಗ ಫೋನಿನಲ್ಲೇ ತೋರಿಸಿ ಅನ್ನುತ್ತೇನೆ, ಕಳಿಸಿಕೊಳ್ಳುವುದಿಲ್ಲ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೇ ಮನೆಯ ಜಾಗ ಸೇರಿರುತ್ತದೆ. ನನ್ನದೇ ತೋಟದ ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿ ನೋಡಿದೆ, ಮ್ಯಾಪಿನಲ್ಲಿ ನಮ್ಮ ಹಿತ್ತಲೇ ಬಂತು.

ಮೊದಲ ಮೂರು ತಿಂಗಳು ವ್ಯಾಪಾರ ಐದರಲ್ಲಿ ಒಂದು ಪಾಲು ಬಿತ್ತು, ಸುಳ್ಳು ಹೇಳಲ್ಲ. ಮುಂದಿನ ಸೀಸನ್ನಿಗೆ ಸರಿಹೋಯಿತು. ಈಗ ಮೊದಲಿಗಿಂತ ಜಾಸ್ತಿಯೇ ಇದೆ, ನೂರಕ್ಕೆ ಹತ್ತು ಹದಿನೈದು ಇರಬಹುದು. ಎಸ್‌ಎಂಎಸ್ ಖರ್ಚು ಪೂರ್ತಿ ಉಳಿಯಿತು.

ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ನಾನು ಹರಿದು, ನೆನೆಸಿ, ಒಣ ಎಲೆಯ ಬದಲು ಕಾಂಪೋಸ್ಟ್ ಗುಂಡಿಗೆ ಹಾಕಿದೆ. ಒಟ್ಟಿಗೆ ಸುರಿದರೆ ಮುದ್ದೆಯಾಗಿ ಗಾಳಿ ಆಡಲ್ಲ, ಹಸಿ ಕಸದ ಜೊತೆ ಪದರ ಪದರವಾಗಿ ಹಾಕಿ. ನಾಲ್ಕೈದು ತಿಂಗಳಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ಹೊಲಿಗೆಯ ಪಿನ್ನುಗಳನ್ನು ಮಾತ್ರ ಮೊದಲೇ ಕಿತ್ತುಬಿಡಿ, ಆಮೇಲೆ ಕೈಗೆ ಚುಚ್ಚುತ್ತವೆ.