ಜರ್ಮನಿಗೆ ಬರುವ ಕೋಲಾರದವರಿಗೆ: ಮೊದಲು ಕಿವಿ, ಆಮೇಲೆ ಪುಸ್ತಕ

ನಮ್ಮ ಕಡೆಯವರಿಗೆ ಭಾಷೆ ಕಲಿಯೋದು ಹೊಸದಲ್ಲ, ಅಲ್ವಾ? ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಕೆಜಿಎಫ್ ಕಡೆ ಹೋದರೆ ತಮಿಳು. ಅಪ್ಪನ ಜೊತೆ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎಣಿಸುತ್ತಲೇ ನಾನು ತೆಲುಗು ಕಲಿತೆ. ಪುಸ್ತಕ ಮುಟ್ಟಲಿಲ್ಲ. ಜರ್ಮನಿಗೆ ಬಂದ ಮೇಲೆ ಹೀಗೆ ಕಿವಿಯಿಂದ ಕಲಿಯೋದನ್ನೇ ಮರೆತುಬಿಟ್ಟೆ.

ಒಂದು ವರ್ಷ ಫೋನಿನ ಒಂದು ಆ್ಯಪ್‌ನಲ್ಲೇ ಕಳೆದೆ. ಒಂದು ದಿನವೂ ತಪ್ಪಿಸಲಿಲ್ಲ. ಸರಿ ಉತ್ತರ ಒತ್ತಿದರೆ ಅಂಕ ಬರುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಆಗ ಮಗನಿಗೆ ಮೂರು ವರ್ಷ. ಶಿಶುವಿಹಾರದ ಟೀಚರ್ ಬಾಗಿಲಲ್ಲಿ ನಿಂತು 'ಮಾಚ್‌ಹೋಸೆ' ಅಂದರು. ಮತ್ತೊಂದು ಸಲ ಅಂದರು. ನಾನು 'ಯಾ, ಯಾ' ಅಂತ ತಲೆಯಾಡಿಸಿ ಬಂದೆ. ಆ ವಾರವೇ ಮಳೆ. ಕರೆದುಕೊಂಡು ಬರಲು ಹೋದರೆ ಮಕ್ಕಳೆಲ್ಲ ಅಂಗಳದ ಕೆಸರಿನಲ್ಲಿ ಕುಣಿಯುತ್ತಿದ್ದರು. ಇವನೊಬ್ಬ ಒಳಗೆ, ಕಿಟಕಿ ಗಾಜಿಗೆ ಹಣೆ ಒತ್ತಿ ನಿಂತಿದ್ದ. ಮಾಚ್‌ಹೋಸೆ ಅಂದರೆ ಮಳೆಗೆ, ಕೆಸರಿಗೆ ಹಾಕುವ ನೀರು ಇಳಿಯದ ಪ್ಯಾಂಟು. ಇವತ್ತಿಗೂ ಕರುಳು ಚುರ್ ಅನ್ನುತ್ತದೆ. ಅರ್ಥವಾಗಲಿಲ್ಲ ಅನ್ನೋಕೆ ನನಗೇನಾಗಿತ್ತು? ದಯವಿಟ್ಟು ಸುಮ್ನೆ ತಲೆಯಾಡಿಸಬೇಡಿ. 'ನೊಖ್ ಐನ್‌ಮಾಲ್, ಬಿಟ್ಟೆ' ಅನ್ನಿ. ಇನ್ನೊಂದು ಸಲ ಹೇಳಿ ಅಂತ.

ಆಮೇಲೆ ದಾರಿ ಬದಲಿಸಿದೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ 'ನಿಕೋಸ್ ವೇಗ್' ಅನ್ನೋ ವಿಡಿಯೊ ಪಾಠ ಪೂರ್ತಿ ಉಚಿತ, ಎ1ರಿಂದ (ತೀರಾ ಮೊದಲ ಹಂತ) ಬಿ1ರವರೆಗೆ (ಮಧ್ಯಮ ಹಂತ). ಸ್ಪೇನಿನ ಹುಡುಗ ನಿಕೋ ಬಂದಿಳಿದು ಬ್ಯಾಗ್ ಕಳೆದುಕೊಳ್ಳುವಲ್ಲಿಂದ ಕಥೆ ಶುರು. ಒಂದೊಂದು ಮಾತಿಗೂ ವಿಡಿಯೊ ನಿಲ್ಲಿಸಿ, ಜೋರಾಗಿ ಹೇಳಿ, ಮತ್ತೆ ಹಾಕಿ. ಅವರದೇ ನಿಧಾನವಾಗಿ ಓದುವ ಸುದ್ದಿಯೂ ಇದೆ, ಕೆಳಗೆ ಬರಹ ಸಮೇತ. ಅಡುಗೆ ಮಾಡುತ್ತಾ ಕೇಳಿ. ಬರೆಯುವುದಕ್ಕೆ 'ಫಾವ್‌ಹಾಎಸ್ ಲೆರ್ನ್‌ಪೋರ್ಟಾಲ್' (vhs-Lernportal) ಅನ್ನೋ ವೆಬ್‌ಸೈಟ್ ಒಳ್ಳೆಯದು. ಅಲ್ಲಿ ನಿಜವಾದ ಶಿಕ್ಷಕರು ನಿಮ್ಮ ಬರಹ ತಿದ್ದುತ್ತಾರೆ, ಅದೂ ಉಚಿತ.

ಇಂಗ್ಲಿಷ್ ಮೂಲಕ ಜರ್ಮನ್ ಕಲಿಯಬೇಡಿ. 'ವೈಲ್ ಇಶ್ ಮ್ಯೂಡೆ ಬಿನ್' ಅಂದರೆ 'ಯಾಕಂದ್ರೆ ನಾನು ಸುಸ್ತಾಗಿದ್ದೇನೆ'. ಕ್ರಿಯಾಪದ ಕೊನೆಗೆ ಬಂತು ನೋಡಿ, ನಮ್ಮ ಕನ್ನಡದ ಹಾಗೇ! ನಾಮಪದದ ಲಿಂಗ ತೋರಿಸುವ ಡೇರ್, ಡೀ, ಡಾಸ್ ಮಾತ್ರ ಪದದ ಜೊತೆಗೇ ಕಲಿಯಿರಿ. ಬರೀ 'ಹೋಸೆ' ಅಲ್ಲ, 'ಡೀ ಹೋಸೆ'.

ಕಾಗದಪತ್ರ: ಗಂಡ ಅಥವಾ ಹೆಂಡತಿಯ ವೀಸಾಗೆ ಸಾಮಾನ್ಯವಾಗಿ ಎ1 ಪ್ರಮಾಣಪತ್ರ ಕೇಳುತ್ತಾರೆ, ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿದೆ. ಇಲ್ಲಿ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಿ.

ಈಗ ಮಗನೇ ನನ್ನ ಡೇರ್-ಡೀ ತಿದ್ದುತ್ತಾನೆ. ಖುಷಿಯಾಗುತ್ತದೆ. ಆದರೆ ಭಾನುವಾರ ವಿಡಿಯೊ ಕಾಲ್‌ನಲ್ಲಿ ನಮ್ಮಮ್ಮ ಕನ್ನಡದ ನಡುವೆ 'ತಿನ್ನಾವಾ?' (ತಿಂದೆಯಾ?) ಅಂತ ತೆಲುಗಿಗೆ ಜಾರಿದರೆ, ಅವನು ನನ್ನ ಮುಖ ನೋಡುತ್ತಾನೆ. ಮೂರು ಭಾಷೆ ಜಾಸ್ತಿಯಾಯಿತು ಅಂತ ತೆಲುಗನ್ನು ನಾನೇ ಬಿಟ್ಟಿದ್ದೆ. ಕೋಲಾರದ ಈ ಮಾತನ್ನು ಕಲಿಸುವ ಪಾಠ ಎಲ್ಲಿ ಹುಡುಕಲಿ?

'ಆಂಕಿ' ಅಂತ ಒಂದು ಆ್ಯಪ್ ಇದೆ, ಪದಗಳನ್ನು ಮತ್ತೆ ಮತ್ತೆ ನೆನಪಿಸುವ ಕಾರ್ಡುಗಳು. ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ಗೆ ದುಡ್ಡು. ನಮ್ಮದೇ ದನಿ ಸೇರಿಸಬಹುದು. ಅಮ್ಮನ ದನಿಯ 40 ಕಾರ್ಡ್ ಮಾಡಿದ್ದೇನೆ. ಮೊದಲನೆಯದು 'ತಿನ್ನಾವಾ?' ಕಳೆದ ಭಾನುವಾರ ಅಜ್ಜಿ ಕೇಳುವ ಮೊದಲೇ ಮಗ ಕೇಳಿದ. ಅಮ್ಮ ಫೋನ್ ಹತ್ತಿರ ತಂದು, "ಏನಂದೆ ಮಗಾ, ಇನ್ನೊಂದ್ಸಲ ಹೇಳು" ಅಂದರು.